ಕ್ರೂಸ್ ಹಡಗಿನಲ್ಲಿ ಟಿಪ್ಸ್: ಕವರಿನಲ್ಲಿ ದುಡ್ಡೋ, ಕೈಯಲ್ಲಿ ಉಡುಗೊರೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಲ್ಲಿ, ಗೆಳೆಯರಲ್ಲಿ ಯಾರೇ ಕ್ರೂಸ್ ಬುಕ್ ಮಾಡಿದರೂ ಹೊರಡುವ ವಾರ ನನಗೊಂದು ಫೋನ್ ಬರುತ್ತದೆ. ವೀಸಾ ಆಯ್ತು, ಇನ್ಶೂರೆನ್ಸ್ ಆಯ್ತು, ಚಕ್ಕುಲಿ ಪ್ಯಾಕ್ ಆಯ್ತು. "ಅಲ್ಲಿ ರೂಮ್ ಮಾಡುವ ಹುಡುಗರಿಗೆ ಏನು ಕೊಡಬೇಕು ಮಾರಾಯ್ರೇ?" ಅನ್ನುವುದೊಂದು ಬಾಕಿ.

ನಾನು ಮೂರು ಸಲ ಹೋಗಿ ಬಂದಿದ್ದೇನೆ. ಎರಡು ಸಲ ಫ್ಲಾರಿಡಾದಿಂದ, ಒಂದು ಸಲ ಸಿಂಗಪುರದಿಂದ. ಆದರೆ ಇಲ್ಲಿ ಬರೆದದ್ದರಲ್ಲಿ ಅರ್ಧ ನನ್ನ ದೊಡ್ಡಮ್ಮನ ಮಗ ಹೇಳಿಕೊಟ್ಟದ್ದು. ಅಣ್ಣ ಹನ್ನೊಂದು ವರ್ಷ ಇಂಥ ಹಡಗುಗಳಲ್ಲಿ ಕ್ಯಾಬಿನ್ ಸ್ಟೀವರ್ಡ್, ಅಂದರೆ ರೂಮ್ ಮಾಡುವವನು, ಆಗಿದ್ದ. ಈಗ ಸುರತ್ಕಲ್ಲಿನಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ರೂಮಿನ ಟವೆಲ್ ಮಡಚಿ ಆನೆ ಮಾಡಿಡುವುದನ್ನು ಮಾತ್ರ ಇನ್ನೂ ಮರೆತಿಲ್ಲ.

ಟಿಕೆಟ್‌ನಲ್ಲೇ ಊಟ, ರೂಮು ಎಲ್ಲಾ ಸೇರಿದೆ ಅಂದಿದ್ದರು. ಮತ್ತೆ ಟಿಪ್ಸ್ ಯಾಕೆ?

ನಮಗೂ ಮೊದಲ ಸಲ ಟ್ರಾವೆಲ್ ಏಜೆಂಟ್ ಹಾಗೇ ಹೇಳಿದ್ದ. "ಎಲ್ಲಾ ಇನ್‌ಕ್ಲೂಡೆಡ್ ಸಾರ್, ಜೇಬಿಗೆ ಕೈ ಹಾಕಬೇಕಾಗಿಲ್ಲ." ಕೊನೆಯ ದಿನ ಬಾಗಿಲ ಕೆಳಗಿನಿಂದ ಬಿಲ್ ತೂರಿ ಬಂದಾಗ ನೋಡಿದರೆ, ಟಿಪ್ಸ್ ಅಂತಲೇ ಐನೂರು ಡಾಲರ್ ಚಿಲ್ಲರೆ. ನಾಲ್ಕು ಜನರಿಗೆ, ಏಳು ರಾತ್ರಿಗೆ. ಅಪ್ಪ ಅರ್ಧ ಗಂಟೆ ಮಾತಾಡಲಿಲ್ಲ.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಟಿಕೆಟ್ ಬೇರೆ, ಟಿಪ್ಸ್ ಬೇರೆ. ಅದನ್ನು ಗ್ರಾಚುಟಿ ಅನ್ನುತ್ತಾರೆ. (ನಮ್ಮಲ್ಲಿ ರಿಟೈರ್ ಆದಾಗ ಬರುವ ಗ್ರಾಚುಟಿ ಅಲ್ಲ. ಅಪ್ಪ ಮೊದಲು ಹಾಗೇ ಅಂದುಕೊಂಡಿದ್ದರು, ಯಾರೋ ತಮಗೆ ಕೊಡುತ್ತಿದ್ದಾರೆ ಅಂತ.) ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ನಿಮ್ಮ ಲೆಕ್ಕಕ್ಕೆ ತಾನಾಗಿ ಸೇರುತ್ತಾ ಹೋಗುತ್ತದೆ. ಮೊದಲೇ ಕಟ್ಟಿಯೂ ಹೋಗಬಹುದು. ನನ್ನ ಸಲಹೆ, ಮೊದಲೇ ಕಟ್ಟಿಬಿಡಿ. ಬಿಲ್ ನೋಡುವ ಸಂಕಟ ತಪ್ಪುತ್ತದೆ.

ದಿನಕ್ಕೆ ಎಷ್ಟಾಗುತ್ತದೆ?

ಕಾರ್ನಿವಲ್ ಕಂಪನಿ 2023ರಲ್ಲಿ ಸಾಮಾನ್ಯ ಕ್ಯಾಬಿನ್‌ಗೆ ತಲೆಗೆ ದಿನಕ್ಕೆ 16 ಡಾಲರ್ ಮಾಡಿತು. ನಾರ್ವೀಜಿಯನ್ ಅದೇ ವರ್ಷ 20ಕ್ಕೆ ಏರಿಸಿತು. ರಾಯಲ್ ಕೆರಿಬಿಯನ್‌ನಲ್ಲಿ 2025ರಲ್ಲಿ 18.50 ಇತ್ತು, ಸೂಟ್ ತೆಗೆದುಕೊಂಡವರಿಗೆ 21. ಈ ದರ ಏರುವುದು ಬಿಟ್ಟರೆ ಇಳಿದದ್ದನ್ನು ನಾನು ನೋಡಿಲ್ಲ. ಹಾಗಾಗಿ ನಿಮ್ಮ ಬುಕಿಂಗ್ ಕಾಗದದಲ್ಲಿ ಇರುವ ಅಂಕಿಯನ್ನೇ ನಂಬಿ.

ಲೆಕ್ಕ ಹಾಕಿ. 18.50ರಂತೆ ನಾಲ್ಕು ಜನ, ಏಳು ರಾತ್ರಿ ಅಂದರೆ 518 ಡಾಲರ್. ನಲವತ್ತು ಸಾವಿರ ರೂಪಾಯಿ ದಾಟುತ್ತದೆ. ಮಕ್ಕಳಿಗೆ ಅರ್ಧ ಟಿಕೆಟ್ ಅನ್ನುವ ನಮ್ಮ ಬಸ್ಸಿನ ಲೆಕ್ಕ ಬೇಡ. ಅಮೆರಿಕದ ಬಹುತೇಕ ಕಂಪನಿಗಳಲ್ಲಿ ಐದು ವರ್ಷದ ಮಗುವಿಗೂ ದೊಡ್ಡವರಷ್ಟೇ. ಮಗು ಇದ್ದ ರೂಮನ್ನು ಗುಡಿಸಿದವರಿಗೆ ಕೇಳಿದರೆ ಅದು ನ್ಯಾಯ ಅಂತಲೇ ಹೇಳುತ್ತಾರೆ ಅನ್ನಿ.

ಎಲ್ಲ ಕಡೆ ಹೀಗಿಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಲ್ಲಿ ಈ ದಿನದ ಚಾರ್ಜನ್ನೇ ತೆಗೆದು ಟಿಕೆಟ್‌ಗೆ ಸೇರಿಸಿತು. ಸಿಲ್ವರ್‌ಸೀ, ಸೀಬೋರ್ನ್, ರೀಜೆಂಟ್ ಥರದ ದುಬಾರಿ ಹಡಗುಗಳಲ್ಲೂ ಟಿಪ್ಸ್ ಟಿಕೆಟ್‌ನೊಳಗೇ ಇರುತ್ತದೆ.

ಮೊದಲು ಕವರಿನಲ್ಲಿ ಹಾಕಿ ಕೊಡುತ್ತಿದ್ದರಂತೆ. ಅದು ಯಾಕೆ ನಿಂತಿತು?

ಹೌದು. ಕೊನೆಯ ರಾತ್ರಿ ರೂಮಿಗೆ ಖಾಲಿ ಕವರುಗಳು ಬರುತ್ತಿದ್ದವು. ಸ್ಟೀವರ್ಡ್‌ಗೊಂದು, ವೇಟರ್‌ಗೊಂದು, ಅಸಿಸ್ಟೆಂಟ್ ವೇಟರ್‌ಗೊಂದು. ಆಗ ಊಟಕ್ಕೆ ದಿನಾ ಅದೇ ಮೇಜು, ಅದೇ ಹೊತ್ತು, ಅದೇ ವೇಟರ್. ಯಾರಿಗೆ ಕೊಡಬೇಕು ಅನ್ನುವ ಗೊಂದಲ ಇರಲಿಲ್ಲ.

2000ದ ಹೊತ್ತಿಗೆ ನಾರ್ವೀಜಿಯನ್ ಕಂಪನಿ "ಫ್ರೀಸ್ಟೈಲ್" ಅಂತ ಶುರು ಮಾಡಿತು. ಯಾವಾಗ ಬೇಕಾದರೂ, ಯಾವ ರೆಸ್ಟೋರೆಂಟಿನಲ್ಲಿ ಬೇಕಾದರೂ ಉಣ್ಣಿ. ಏಳು ದಿನಕ್ಕೆ ಹದಿನಾಲ್ಕು ವೇಟರ್‌ಗಳು ಸಿಗುವಾಗ ಕವರು ಯಾರ ಕೈಗೆ ಕೊಡುವುದು? ಅದಕ್ಕೇ ಎಲ್ಲರ ಲೆಕ್ಕಕ್ಕೆ ಒಟ್ಟಾಗಿ ಸೇರಿಸಿ ಹಂಚುವ ಪದ್ಧತಿ ಬಂತು. ರಾಯಲ್ ಕೆರಿಬಿಯನ್ 2013ರಲ್ಲಿ ಇದೇ ದಾರಿ ಹಿಡಿಯಿತು. ಡಿಸ್ನಿಯ ಹಡಗುಗಳಲ್ಲಿ ಮಾತ್ರ ವೇಟರ್ ನಿಮ್ಮ ಜೊತೆಗೇ ರೆಸ್ಟೋರೆಂಟಿನಿಂದ ರೆಸ್ಟೋರೆಂಟಿಗೆ ಬರುತ್ತಾನೆ. ಕವರಿನ ಅಭ್ಯಾಸ ಅಲ್ಲಿ ಇನ್ನೂ ಇದೆ.

ಆ ದುಡ್ಡು ನಿಜವಾಗಿಯೂ ಕೆಲಸದವರಿಗೆ ಹೋಗುತ್ತದಾ?

ಎಲ್ಲರೂ ಸ್ವರ ತಗ್ಗಿಸಿ ಕೇಳುವ ಪ್ರಶ್ನೆ ಇದು. ಹೋಗುತ್ತದೆ, ಆದರೆ ನಿಮ್ಮ ಸ್ಟೀವರ್ಡ್ ಒಬ್ಬನಿಗೇ ಅಲ್ಲ. ರೂಮ್ ಮಾಡುವವರು, ಊಟ ಬಡಿಸುವವರು, ಜೊತೆಗೆ ನಿಮ್ಮ ಕಣ್ಣಿಗೆ ಬೀಳದ ಲಾಂಡ್ರಿಯವರು, ಪಾತ್ರೆ ತೊಳೆಯುವವರು. ಯಾರಿಗೆ ಎಷ್ಟು ಪಾಲು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಅಣ್ಣ ಹೇಳುವುದು ಇಷ್ಟು: "ನನ್ನ ಸಂಬಳ ಅಂದರೆ ಹೆಚ್ಚುಕಡಿಮೆ ಆ ಟಿಪ್ಸೇ. ಮೂಲ ಸಂಬಳ ಅಂತ ಇದ್ದದ್ದು ಊರಿನ ಸಿಮ್‌ಗೆ ರೀಚಾರ್ಜ್ ಮಾಡಲಿಕ್ಕೆ ಸಾಕು." ಸ್ವಲ್ಪ ಜಾಸ್ತಿಯೇ ಹೇಳುತ್ತಾನೆ, ಅವನ ಸ್ವಭಾವ. ಆದರೆ ವಿಷಯ ಸುಳ್ಳಲ್ಲ. ಈ ಹಡಗುಗಳು ಮಯಾಮಿಯಿಂದ ಹೊರಟರೂ ಬಾವುಟ (ಅಂದರೆ ಹಡಗಿನ ನೋಂದಣಿ) ಬಹಾಮಾಸಿನದೋ, ಪನಾಮಾದ್ದೋ ಆಗಿರುತ್ತದೆ. ಹಾಗಾಗಿ ಅಮೆರಿಕದ ಕನಿಷ್ಠ ಕೂಲಿ ಕಾನೂನು ಇವರಿಗೆ ತಾಗುವುದಿಲ್ಲ. ಹವಾಯಿ ಸುತ್ತುವ ಪ್ರೈಡ್ ಆಫ್ ಅಮೆರಿಕ ಥರದ ಅಮೆರಿಕದ ಬಾವುಟದ ದೊಡ್ಡ ಹಡಗು ತುಂಬ ಅಪರೂಪ.

ಕೆಲಸದ ಹೊತ್ತಿನ ಬಗ್ಗೆ ಅಂತರರಾಷ್ಟ್ರೀಯ ನಿಯಮ ಇದೆ, 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್. ಜಾರಿಗೆ ಬಂದದ್ದು 2013ರಲ್ಲಿ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅನ್ನುತ್ತದೆ. ಉಳಿದ ಗಂಟೆಯನ್ನು ನೀವೇ ಕಳೆದು ನೋಡಿ. ಆರೇಳು ತಿಂಗಳ ಕಾಂಟ್ರಾಕ್ಟ್, ಅದರಲ್ಲಿ ಭಾನುವಾರ ಅನ್ನುವುದು ಇಲ್ಲ.

ಹಾಗಾದರೆ ಆ ಚಾರ್ಜ್ ತೆಗೆಸಿ, ಅಷ್ಟೇ ದುಡ್ಡನ್ನು ನಮ್ಮ ಸ್ಟೀವರ್ಡ್ ಕೈಗೇ ಕೊಟ್ಟರೆ?

ಹಲವು ಹಡಗುಗಳಲ್ಲಿ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ತೆಗೆಸಬಹುದು, ನಿಜ. ತೆಗೆಸಬೇಡಿ.

ಯೋಚನೆ ಒಳ್ಳೆಯದೇ. "ಕಂಪನಿ ತಿನ್ನುವ ಬದಲು ಹುಡುಗನ ಕೈಗೆ ಹೋಗಲಿ." ಆದರೆ ಕೆಲವು ಕಂಪನಿಗಳಲ್ಲಿ ಯಾವ ರೂಮಿನವರು ಚಾರ್ಜ್ ತೆಗೆಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಆ ರೂಮಿನವರು ಕೊಟ್ಟ ಕ್ಯಾಶನ್ನು ಸ್ಟೀವರ್ಡ್ ಎಲ್ಲರಿಗೂ ಹಂಚುವ ಒಟ್ಟು ದುಡ್ಡಿಗೆ ಹಾಕಬೇಕು ಅಂತ ನಿಯಮ. ಅಂದರೆ ನೀವು ಗುಟ್ಟಾಗಿ ಕೊಟ್ಟದ್ದು ಸುತ್ತಿ ಸುತ್ತಿ ಅಲ್ಲಿಗೇ ಹೋಯಿತು. ಹುಡುಗ ಕೊಡದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಅವನ ಕೆಲಸಕ್ಕೇ ಕುತ್ತು. ಲಾಂಡ್ರಿಯ ಹುಡುಗನಿಗಂತೂ ಸೊನ್ನೆ.

ಆ ಚಾರ್ಜ್ ಕಟ್ಟಿದ ಮೇಲೂ ಕ್ಯಾಶ್ ಕೊಡಲೇಬೇಕಾ?

ಕೊಡಲೇಬೇಕು ಅಂತಿಲ್ಲ. ಕಟ್ಟಿದ್ದೀರಿ, ನಿಮ್ಮ ಬಾಧ್ಯತೆ ಮುಗಿಯಿತು. ಮೇಲೆ ಕೊಡುವುದು ಖುಷಿಗೆ. ನಾನು ಕೊಡುತ್ತೇನೆ. ದಿನಕ್ಕೆ ಎರಡು ಸಲ ನಮ್ಮ ರೂಮು ಮಾಡಿ, ಮಗಳು ಬೆಡ್‌ಶೀಟಿನ ಮೇಲೆ ಚೆಲ್ಲಿದ ಚಾಕೊಲೇಟ್ ಹಾಲನ್ನು ಮುಖ ಸಿಂಡರಿಸದೆ ಬದಲಾಯಿಸಿದ ಮನುಷ್ಯನಿಗೆ ಏನೂ ಕೊಡದೆ ಇಳಿಯಲು ನನಗೆ ಮನಸ್ಸು ಬರುವುದಿಲ್ಲ.

ಯಾರಿಗೆ ಎಷ್ಟು?

ಇದಕ್ಕೆ ಪಂಚಾಂಗ ಇಲ್ಲ. ಏಳು ರಾತ್ರಿಯ ಪ್ರಯಾಣಕ್ಕೆ ನಾಲ್ಕು ಜನರ ಕುಟುಂಬವಾಗಿ ನಾವು ಸ್ಟೀವರ್ಡ್‌ಗೆ 30ರಿಂದ 40 ಡಾಲರ್ ಕೊಟ್ಟಿದ್ದೇವೆ. ದಿನಾ ಅದೇ ವೇಟರ್ ಸಿಕ್ಕಿದ್ದರೆ ಅವನಿಗೆ 20, ಅವನ ಅಸಿಸ್ಟೆಂಟ್‌ಗೆ 10. ನಮ್ಮದು ಶುದ್ಧ ಸಸ್ಯಾಹಾರ, ಮೇಲೆ ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ. ಒಂದು ಸಲ ಹೆಡ್ ವೇಟರ್ ದಿನಾ ಹಿಂದಿನ ರಾತ್ರಿಯೇ ಬಂದು, "ನಾಳೆಗೆ ಏನು ಮಾಡಿಸಲಿ?" ಅಂತ ಕೇಳುತ್ತಿದ್ದರು. ಅವರಿಗೆ ಬೇರೆ 20 ಕೊಟ್ಟೆವು. ಇಂಥ ಕೆಲಸ ಮಾಡಿಸಿಕೊಂಡವರು ದಯವಿಟ್ಟು ಹೆಡ್ ವೇಟರ್‌ನನ್ನು ಮರೆಯಬೇಡಿ. ದಾಲ್ ತಾನಾಗಿ ಮೇಜಿಗೆ ಬರುವುದಿಲ್ಲ.

ರೂಮ್ ಸರ್ವಿಸ್ ತಂದವನಿಗೆ ಸಲಕ್ಕೆ ಎರಡೋ ಮೂರೋ ಡಾಲರ್, ಕೈಯಲ್ಲೇ. ಬಂದರಿನಲ್ಲಿ ಹಡಗಿನ ಹೊರಗೆ ನಿಮ್ಮ ಸೂಟ್‌ಕೇಸ್ ತೆಗೆದುಕೊಳ್ಳುವವರು ಹಡಗಿನವರಲ್ಲ, ಬಂದರಿನ ಕೆಲಸಗಾರರು. ನಿಮ್ಮ ಗ್ರಾಚುಟಿಯಲ್ಲಿ ಅವರಿಗೆ ಪಾಲಿಲ್ಲ. ಅಮೆರಿಕದಲ್ಲಿ ಬ್ಯಾಗಿಗೆ ಒಂದೆರಡು ಡಾಲರ್ ರೂಢಿ. ಚಿಲ್ಲರೆ ಇಲ್ಲದೆ ತಡವರಿಸುವುದು ಅಲ್ಲೇ, ಮೊದಲ ಹತ್ತು ನಿಮಿಷದಲ್ಲಿ.

ಕ್ಯಾಶ್ ಕೊಡಲು ಒಂಥರಾ ಮುಜುಗರ. ಅದರ ಬದಲು ಚಿಕ್ಕ ಉಡುಗೊರೆ ಕೊಟ್ಟರೆ ಹೆಚ್ಚು ಆತ್ಮೀಯ ಅಲ್ವಾ?

ನಮಗೆ ಹಾಗನ್ನಿಸುವುದು ಸಹಜ. ಮನೆಗೆ ಬಂದವರಿಗೆ ರವಿಕೆ ಕಣ ಕೊಟ್ಟು ಕಳಿಸುವ ಜನ ನಾವು. ಕೈಗೆ ನೋಟು ತುರುಕುವುದು ಎಷ್ಟಾದರೂ ಭಕ್ಷೀಸು ಕೊಟ್ಟ ಹಾಗೆ ಅನ್ನಿಸುತ್ತದೆ.

ಆದರೆ ನಮ್ಮದೇ ಮದುವೆಗಳನ್ನು ನೆನಪಿಸಿಕೊಳ್ಳಿ. ಮುಯ್ಯಿ ಬಂದ ದುಡ್ಡು ಮಾರನೇ ದಿನ ಅಡುಗೆಯವರ ಬಾಕಿಗೆ ಆಯಿತು. ಉಡುಗೊರೆ ಬಂದ ಗೋಡೆ ಗಡಿಯಾರಗಳು? ನನ್ನ ಮದುವೆಗೆ ಒಂಬತ್ತು ಬಂದಿದ್ದವು. ಒಂದು ಗೋಡೆಯಲ್ಲಿದೆ. ಉಳಿದವು ಬೇರೆಯವರ ಮದುವೆಗಳಿಗೆ ಹೋದವು.

ಸ್ಟೀವರ್ಡ್‌ನ ಸ್ಥಿತಿ ಅದೇ, ಆದರೆ ಅವನಿಗೆ ಪ್ರತಿ ವಾರವೂ ಮದುವೆ. ಅವನ ಕೈಯಲ್ಲಿ ಹತ್ತಾರು ರೂಮು. ಪ್ರತಿ ವಾರ ಹೊಸ ಜನ. ಎಲ್ಲರೂ ಒಂದೊಂದು ಫ್ರಿಜ್ ಮ್ಯಾಗ್ನೆಟ್, ಒಂದೊಂದು ಕೀ ಚೈನ್, ಒಂದೊಂದು ಮಗ್ ಕೊಟ್ಟರೆ ಎಲ್ಲಿಡುತ್ತಾನೆ? ಅಣ್ಣನ ಕ್ಯಾಬಿನ್ ಹಡಗಿನ ಕೆಳಗಿನ ಡೆಕ್ಕಿನಲ್ಲಿ, ಕಿಟಕಿ ಇಲ್ಲದ್ದು. ರೈಲಿನ ಬರ್ತ್ ಥರ ಮೇಲೊಂದು ಕೆಳಗೊಂದು ಮಂಚ. ಇಬ್ಬರಿಗೆ ಒಂದೊಂದು ಲಾಕರ್, ಒಂದು ಡ್ರಾಯರ್. ಕಾಂಟ್ರಾಕ್ಟ್ ಮುಗಿಸಿ ಸೈನ್ ಆಫ್ ಆಗುವಾಗ ವಿಮಾನದಲ್ಲಿ ತೂಕದ ಮಿತಿ. ಅಷ್ಟರಲ್ಲಿ ಅಷ್ಟೂ ತಿಂಗಳ ಬಟ್ಟೆ, ಮನೆಯವರು ಹೇಳಿದ ಸಾಮಾನು. "ಒಂದು ಸಲ ಒಬ್ಬರು ಅಜ್ಜಿ ಕಂಚಿನ ಗಣಪತಿ ಕೊಟ್ಟರು," ಅಂದ. "ಬಿಸಾಡಲಿಕ್ಕೆ ಭಯ, ತರಲಿಕ್ಕೆ ತೂಕ. ಮೂರು ಕಾಂಟ್ರಾಕ್ಟ್ ನನ್ನ ಜೊತೆ ಸಮುದ್ರ ಸುತ್ತಿದ ಗಣಪತಿ ಅದು."

ಅದಕ್ಕೆ ನನ್ನ ಉತ್ತರ: ಕ್ಯಾಶ್ ಬದಲಿಗೆ ಉಡುಗೊರೆ ಬೇಡ. ಕ್ಯಾಶ್ ಜೊತೆಗೆ ಬೇಕಾದರೆ ಕೊಡಿ. ಮುಜುಗರ ಆಗುವುದು ನಮಗೆ. ಅವರಿಗಲ್ಲ.

ಉಡುಗೊರೆ ಕೊಟ್ಟೇ ಕೊಡಬೇಕು ಅಂದರೆ ಯಾವುದು ಸರಿ?

ತಿಂದು ಮುಗಿಯುವುದು, ಬಳಸಿ ಮುಗಿಯುವುದು, ಅಥವಾ ಬೆರಳಷ್ಟು ಚಿಕ್ಕದು. ಕಂಪನಿಯ ಪ್ಯಾಕಿಂಗ್ ಒಡೆಯದ ಚಾಕೊಲೇಟ್, ಕಾಫಿ ಸ್ಯಾಶೆ, ಬಿಸಿನೀರು ಹಾಕಿದರೆ ಆಗುವ ಕಪ್ ನೂಡಲ್ಸ್. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿದವನಿಗೆ ಕಪ್ ನೂಡಲ್ಸಿನ ಬೆಲೆ ಗೊತ್ತು. ಫೋನ್ ಚಾರ್ಜಿಂಗ್ ಕೇಬಲ್ ಕೂಡ ಒಳ್ಳೆಯದು.

ನಮ್ಮ ಊರಿಂದಲೇ ಏನಾದರೂ ಒಯ್ಯಬೇಕು ಅನ್ನುವವರಿಗೆ ಮೈಸೂರ್ ಸ್ಯಾಂಡಲ್ ಸೋಪ್ ಹೇಳುತ್ತೇನೆ. 1916ರಿಂದ ಇರುವ ಸೋಪು, ಕೆಡುವುದಿಲ್ಲ, ಹಗುರ, ಯಾರಿಗೂ ಬೇಡ ಅನ್ನಿಸುವುದಿಲ್ಲ. ನಾವು ಕೊಟ್ಟದ್ದನ್ನು ಇಂಡೋನೇಷ್ಯಾದ ಸ್ಟೀವರ್ಡ್ ಮೂಸಿ ನೋಡಿ, "ಇದು ನನ್ನ ಹೆಂಡತಿಗೆ" ಅಂತ ಜೇಬಿಗಿಳಿಸಿದ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂತ ಮಾತಿನಲ್ಲಿ ಗೊತ್ತಾದರೆ ಚನ್ನಪಟ್ಟಣದ ಒಂದು ಪುಟ್ಟ ಬುಗುರಿ. ದೊಡ್ಡ ರೈಲು ಬೊಂಬೆ ಬೇಡ, ದಯವಿಟ್ಟು.

ಅಮೆರಿಕದ ಅಂಗಡಿಗಳ ಗಿಫ್ಟ್ ಕಾರ್ಡ್ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಆ ಹಡಗು ಮುಂದಿನ ತಿಂಗಳು ಯುರೋಪಿಗೆ ಹೋದರೆ ಅದು ಬರೀ ಪ್ಲಾಸ್ಟಿಕ್ಕು.

ಮನೆಯಲ್ಲಿ ಮಾಡಿದ ಕೋಡುಬಳೆ, ಮೈಸೂರ್ ಪಾಕ್ ಕೊಡಬಹುದಾ?

ಅಮ್ಮ ಕೇಳಿದ ಪ್ರಶ್ನೆ. ಕೇಳಲಿಲ್ಲ, ನೇರವಾಗಿ ಡಬ್ಬಿ ಹಿಡಿದು ಕೊಡಲು ಹೋದರು. ಹುಡುಗ ಎರಡೂ ಕೈ ಜೋಡಿಸಿ ಬೇಡ ಅಂದ. ಅಮ್ಮನಿಗೆ ತುಂಬಾ ಬೇಜಾರಾಯಿತು.

ಅವನದು ತಪ್ಪಿಲ್ಲ. ಹಡಗಿನಲ್ಲಿ ಒಬ್ಬನಿಗೆ ವಾಂತಿ ಭೇದಿ ಶುರುವಾದರೆ ಮೂರು ದಿನದಲ್ಲಿ ನೂರು ಜನಕ್ಕೆ. ಅದಕ್ಕೇ ಊಟ ತಿಂಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅಮೆರಿಕದ ಬಂದರಿಗೆ ಬರುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆ ನೂರಕ್ಕೆ ಮಾರ್ಕ್ಸ್ ಹಾಕುತ್ತದೆ, 85 ಅಥವಾ ಕೆಳಗೆ ಬಂದರೆ ಫೇಲ್. ಕ್ರೂ, ಅಂದರೆ ಹಡಗಿನ ಕೆಲಸದವರ, ಕ್ಯಾಬಿನ್‌ಗಳನ್ನೂ ಆಗಾಗ ತೆರೆದು ನೋಡುತ್ತಾರೆ. ಸೀಲ್ ಇಲ್ಲದ ತಿಂಡಿ ಸಿಕ್ಕರೆ ಬೈಗುಳ ಅವನಿಗೆ, ನಮಗಲ್ಲ. ಅದೂ ಅಲ್ಲದೆ ಎಲ್ಲ ದೇಶದ ಕಸ್ಟಮ್ಸಿನಲ್ಲೂ ಮನೆ ತಿಂಡಿ ದಾಟುವುದು ಅದೃಷ್ಟ.

ಇನ್ನೊಂದು ತಪ್ಪು ನಾನೇ ಮಾಡಿದ್ದೇನೆ. ಪುಳಿಯೋಗರೆ ಪುಡಿಯ ಪ್ಯಾಕೆಟ್ ಕೊಟ್ಟೆ. ಸೀಲ್ ಇತ್ತು, ಸರಿ. ಆದರೆ ಕ್ಯಾಬಿನ್‌ನಲ್ಲಿ ಬೆಂಕಿಯ ಭಯಕ್ಕೆ ಕೆಟಲ್ ಕೂಡ ಇಡಲು ಬಿಡುವುದಿಲ್ಲ, ಒಗ್ಗರಣೆ ಎಲ್ಲಿ ಹಾಕುತ್ತಾನೆ? ಕ್ರೂ ಮೆಸ್ಸಿನ ಅನ್ನಕ್ಕೆ ಸುಮ್ನೆ ಉದುರಿಸಿಕೊಂಡು ತಿಂದನಂತೆ. ಪಾಪ, ಚೆನ್ನಾಗಿತ್ತು ಅಂತಲೂ ಹೇಳಿದ.

ವೈನ್ ಬಾಟಲಿ?

ಬೇಡ. ಕುಡಿತದ ಬಗ್ಗೆ ಹಡಗಿನವರಿಗೆ ಕಟ್ಟುನಿಟ್ಟಿನ ಮಿತಿ ಇದೆ. ಹಲವು ಕಡೆ ಪ್ರಯಾಣಿಕರಿಂದ ಬಾಟಲಿ ತೆಗೆದುಕೊಳ್ಳುವ ಹಾಗೇ ಇಲ್ಲ.

ಬಳಸದೆ ಉಳಿದ ಶಾಂಪೂ, ಬಿಸ್ಕತ್ತು, ಹೊಸ ಟಿ-ಶರ್ಟ್ ರೂಮಿನಲ್ಲಿ ಬಿಟ್ಟು ಬಂದರೆ ಅವರು ತೆಗೆದುಕೊಳ್ಳುತ್ತಾರಾ?

ಸುಮ್ನೆ ಬಿಟ್ಟು ಬಂದರೆ ಅದು ಮರೆತುಹೋದ ಸಾಮಾನು. ಸ್ಟೀವರ್ಡ್ ಅದನ್ನು ಜಮಾ ಮಾಡಬೇಕು. ತನ್ನ ಲಾಕರಿಗೆ ಒಯ್ದರೆ ಕಳವು ಅನ್ನಿಸಿಕೊಳ್ಳುತ್ತದೆ. ಕೊಡುವ ಮನಸ್ಸಿದ್ದರೆ ಒಂದು ಚೀಟಿ ಬರೆದು ಅದರ ಮೇಲಿಡಿ: "ಇದನ್ನು ನಮ್ಮ ಸ್ಟೀವರ್ಡ್‌ಗೆ ಉಡುಗೊರೆಯಾಗಿ ಕೊಟ್ಟಿದ್ದೇವೆ" ಅಂತ ಇಂಗ್ಲಿಷಿನಲ್ಲಿ, ಅವನ ಹೆಸರು, ನಿಮ್ಮ ಸಹಿ, ರೂಮ್ ನಂಬರ್, ತಾರೀಖು. ಸೆಕ್ಯೂರಿಟಿಯವರು ಕೇಳಿದರೆ ತೋರಿಸಲು ಅವನಿಗೆ ಅದೇ ಆಧಾರ. ಹೊಸ ವಸ್ತು ಏನೇ ಕೊಟ್ಟರೂ ಈ ಚೀಟಿ ಇರಲಿ. ನೋಡಿ, ಕ್ಯಾಶಿಗೆ ಈ ರಗಳೆಯೂ ಇಲ್ಲ.

ಅರ್ಧ ತಿಂದ ಚಿಪ್ಸ್ ಪ್ಯಾಕೆಟ್ ಬಿಟ್ಟು ಬರುವುದು ಉಡುಗೊರೆ ಅಲ್ಲ. ಅದು ಕಸ.

ರೂಪಾಯಿ ಕೊಡಬಹುದಾ? ಡಾಲರ್ ಚಿಲ್ಲರೆ ಎಲ್ಲಿ ಸಿಗುತ್ತದೆ?

ವಿದೇಶಿ ಹಡಗಿನಲ್ಲಿ ರೂಪಾಯಿ ಬೇಡ. ಫಿಲಿಪ್ಪೀನ್ಸಿನ ಹುಡುಗಿ ಐನೂರರ ನೋಟು ತೆಗೆದುಕೊಂಡು ಏನು ಮಾಡುತ್ತಾಳೆ? ಸಂಬಳ ಡಾಲರಿನಲ್ಲಿ, ಮನೆಗೆ ಕಳಿಸುವುದು ಡಾಲರಿನಲ್ಲಿ. ಯುರೋಪಿನ ಪ್ರಯಾಣವಾದರೆ ಯೂರೋ ನೋಟೂ ನಡೆಯುತ್ತದೆ. ನಾಣ್ಯ ಮಾತ್ರ ಬೇಡ. ಅವನ್ನು ಬದಲಾಯಿಸಿಕೊಡುವವರು ಸಿಗುವುದಿಲ್ಲ. ನಮ್ಮ ಮದುವೆ ಕವರಿನಲ್ಲಿ ಮೇಲೆ ಒಂದು ರೂಪಾಯಿ ಅಂಟಿಸಿರುತ್ತದಲ್ಲ, ಆ ಸಂಪ್ರದಾಯ ಇಲ್ಲಿ ಬಿಟ್ಟುಬಿಡಿ. ಶುಭ ಅನ್ನಿಸಲೇಬೇಕು ಅಂದರೆ 20ರ ನೋಟಿನ ಜೊತೆ ಒಂದು ಡಾಲರ್ ನೋಟು ಸೇರಿಸಿ 21 ಮಾಡಿ. ಅಪ್ಪ ಹಾಗೇ ಮಾಡುವುದು.

ಭಾರತದಿಂದ ಹೊರಡುವವರು ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನೋಟಿನಲ್ಲಿ ಒಯ್ಯಬಹುದು. ತೊಂದರೆ ಮೊತ್ತದ್ದಲ್ಲ, ಚಿಲ್ಲರೆಯದ್ದು. ಬೆಂಗಳೂರಿನಲ್ಲಿ ಫಾರೆಕ್ಸ್ ಅಂಗಡಿಗೆ ಹೋದರೆ ನೂರರ ನೋಟು ಎಣಿಸಿ ಕೊಡುತ್ತಾರೆ. ಒಂದು, ಐದು, ಹತ್ತರ ನೋಟು ಬೇಕು ಅಂತ ಎರಡು ದಿನ ಮೊದಲೇ ಹೇಳಿಡಿ. ಸಿಗದಿದ್ದರೆ ಹಡಗು ಹತ್ತಿದ ದಿನವೇ ಗೆಸ್ಟ್ ಸರ್ವಿಸಸ್‌ನಲ್ಲಿ ಬಿಡಿಸಿಕೊಳ್ಳಿ. ಕೊನೆಯ ಸಂಜೆ ಆ ಕೌಂಟರಿನ ಮುಂದೆ ನಿಲ್ಲುವ ಕ್ಯೂ ತಿರುಪತಿಯನ್ನು ನೆನಪಿಸುತ್ತದೆ. ಅಷ್ಟು ಹೊತ್ತಿಗೆ ಅವರಲ್ಲೂ ಚಿಲ್ಲರೆ ಖಾಲಿ. ಕ್ಯಾಸಿನೊ ಪಕ್ಕದಲ್ಲಿ ಎಟಿಎಂ ಇರುತ್ತದೆ, ಅದರ ಫೀಸು ನೋಡಿದರೆ ಕಾರ್ಡ್ ವಾಪಸ್ ಎಳೆದುಕೊಳ್ಳುತ್ತೀರಿ.

ಯಾವಾಗ ಕೊಡಬೇಕು? ಹೇಗೆ?

ಕೊನೆಯ ದಿನದ ಹಿಂದಿನ ಸಂಜೆ. ಇಳಿಯುವ ದಿನ ಬೆಳಿಗ್ಗೆ ಬೇಡ. ಅವತ್ತು ಅವರಿಗೆ ಟರ್ನ್‌ಅರೌಂಡ್ ದಿನ. ನೀವು ಎಂಟಕ್ಕೆ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಅದೇ ರೂಮಿಗೆ ಹೊಸಬರು. ಆ ಗಡಿಬಿಡಿಯಲ್ಲಿ ನಿಮ್ಮ ಸ್ಟೀವರ್ಡ್ ಯಾವ ಕಾರಿಡಾರಿನಲ್ಲಿದ್ದಾನೋ.

ಕವರು ಗೆಸ್ಟ್ ಸರ್ವಿಸಸ್‌ನಲ್ಲಿ ಕೇಳಿದರೆ ಕೊಡುತ್ತಾರೆ. ಮೇಲೆ ಅವರ ಹೆಸರು ಬರೆಯಿರಿ. ಒಳಗೆ ಎರಡು ಸಾಲು. "ಥ್ಯಾಂಕ್ಯೂ" ಅಂತಷ್ಟೇ ಬೇಡ, ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ. ನನ್ನ ಮಗಳು ಟವೆಲ್ ಕೋತಿಯ ಚಿತ್ರ ಬರೆದು ಹಾಕಿದ್ದಳು. ಕೈಗೇ ಕೊಡಿ, ದಿಂಬಿನ ಮೇಲೆ ಇಟ್ಟು ಹೋಗಬೇಡಿ. ಎಷ್ಟು ಅಂತ ತೆರೆದು ನೋಡಲಿ ಅಂತ ಕಾಯುತ್ತಾ ನಿಲ್ಲಬೇಡಿ.

ಎರಡು ಜನ ರೂಮ್ ಮಾಡುತ್ತಿದ್ದರೆ ಎರಡು ಕವರು. ಒಬ್ಬನಿಗೆ ಕೊಟ್ಟು "ಹಂಚಿಕೊಳ್ಳಿ" ಅನ್ನುವುದು ಅಷ್ಟು ಸರಿಯಲ್ಲ.

ಮೊದಲ ದಿನವೇ ಕೊಟ್ಟರೆ ಸರ್ವಿಸ್ ಚೆನ್ನಾಗಿರುತ್ತದಂತೆ?

ಕೆಲವರು ಹಾಗೆ ಮಾಡುತ್ತಾರೆ. ನನಗೆ ಅದು ಆಫೀಸಿನಲ್ಲಿ ಫೈಲ್ ಮುಂದೆ ಹೋಗಲಿ ಅಂತ ಕೊಟ್ಟ ಹಾಗೆ ಅನ್ನಿಸುತ್ತದೆ. ಆದರೆ ವಯಸ್ಸಾದವರು ಜೊತೆಗಿದ್ದು, ವ್ಹೀಲ್‌ಚೇರ್, ಹೆಚ್ಚುವರಿ ದಿಂಬು, ದಿನಾ ಬಿಸಿನೀರಿನ ಫ್ಲಾಸ್ಕ್ ಹೀಗೆ ಕೆಲಸ ಜಾಸ್ತಿ ಇದ್ದರೆ, ಮೊದಲ ದಿನ ಹತ್ತು ಡಾಲರ್ ಕೊಟ್ಟು "ನಮ್ಮದು ಸ್ವಲ್ಪ ಉಪದ್ರ ಇದೆ" ಅಂತ ನಗುತ್ತಾ ಹೇಳುವುದರಲ್ಲಿ ತಪ್ಪಿಲ್ಲ.

ಬಾರ್, ಸ್ಪಾ, ದುಡ್ಡು ಕೊಟ್ಟು ಉಣ್ಣುವ ರೆಸ್ಟೋರೆಂಟ್?

ಅಮೆರಿಕದ ಹಡಗುಗಳಲ್ಲಿ ಬಿಲ್ಲಿಗೇ ಶೇ. 18ರಿಂದ 20 ಸೇರಿಸಿರುತ್ತಾರೆ. ಅದರ ಕೆಳಗೆ ಮತ್ತೆ "ಟಿಪ್" ಅಂತ ಖಾಲಿ ಗೆರೆ ಇರುತ್ತದೆ. ಆ ಗೆರೆಗೆ ಹೆದರಬೇಡಿ, ಅಡ್ಡ ಗೀಟು ಎಳೆದು ಸಹಿ ಹಾಕಿ.

ಕ್ಯಾಪ್ಟನ್‌ಗೆ, ಆಫೀಸರ್‌ಗಳಿಗೆ?

ಅಯ್ಯೋ, ಬೇಡ. ಮದುವೆಗೆ ಬಂದ ಡೆಪ್ಯುಟಿ ಕಮಿಷನರ್ ಕೈಗೆ ಇಪ್ಪತ್ತು ರೂಪಾಯಿ ಇಟ್ಟ ಹಾಗಾಗುತ್ತದೆ. ಮಕ್ಕಳ ಕ್ಲಬ್ಬಿನ ಟೀಚರ್‌ಗಳಿಗೆ ಮಗು ಬರೆದ ಒಂದು ಕಾರ್ಡ್ ಕೊಡಿ, ಚಾಕೊಲೇಟ್ ಜೊತೆ. ಉಡುಗೊರೆ ನಿಜವಾಗಿ ಒಪ್ಪುವ ಒಂದು ಜಾಗ ಅದು.

ಮುಂಬೈ, ಗೋವಾ, ಸಿಂಗಪುರದ ಕ್ರೂಸ್‌ಗಳಲ್ಲಿ ಹೇಗೆ?

ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೇಲಿಯಾದಂಥ ನಮ್ಮ ದೇಶದ ಪ್ರಯಾಣಗಳು ಎರಡರಿಂದ ಐದು ರಾತ್ರಿಯವು. ಬುಕಿಂಗ್ ಬಿಲ್ಲಿನಲ್ಲಿ ಗ್ರಾಚುಟಿ ಅಥವಾ ಸರ್ವಿಸ್ ಚಾರ್ಜ್ ಅನ್ನುವ ಸಾಲು ಇದೆಯಾ ನೋಡಿ. ಮೇಲೆ ಕೊಡುವುದಿದ್ದರೆ ರೂಪಾಯಿಯೇ ಸರಿ. ಎರಡು ರಾತ್ರಿಗೆ ರೂಮಿನ ಹುಡುಗನಿಗೆ ಐನೂರು ಕೊಟ್ಟರೆ ಮರ್ಯಾದೆಯ ಮೊತ್ತ ಅನ್ನುವುದು ನನ್ನ ಅಭಿಪ್ರಾಯ.

ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮವರು ತುಂಬಾ ಜನ ಇರುತ್ತಾರೆ. ಜೈನ್ ಊಟವೂ ಸಿಗುತ್ತದೆ. ಅಲ್ಲೂ ಗ್ರಾಚುಟಿ ತಲೆಗೆ, ರಾತ್ರಿಗೆ ಲೆಕ್ಕ. ಗ್ರೂಪ್ ಟೂರಿನಲ್ಲಿ ಹೋದರೆ ಟೂರ್ ಕಂಪನಿ ಅದನ್ನು ಕಟ್ಟಿದೆಯಾ ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಬಾಯಿಮಾತಿನ "ಎಲ್ಲಾ ಇನ್‌ಕ್ಲೂಡೆಡ್" ಬಗ್ಗೆ ಮೇಲೆ ಹೇಳಿದ್ದೇನೆ.

ಸರ್ವಿಸ್ ಚೆನ್ನಾಗಿಲ್ಲದಿದ್ದರೆ?

ಎರಡನೇ ದಿನವೇ ಗೆಸ್ಟ್ ಸರ್ವಿಸಸ್‌ಗೆ ಹೇಳಿ. ಸರಿ ಮಾಡುತ್ತಾರೆ. ಏಳು ದಿನ ಸುಮ್ನೆ ಇದ್ದು ಕೊನೆಯ ರಾತ್ರಿ ಟಿಪ್ಸ್ ಪೂರ್ತಿ ತೆಗೆಸುವುದು ದುಡ್ಡು ಉಳಿಸುವ ನೆಪ ಅಷ್ಟೆ. "ಇಂಡಿಯನ್ಸ್ ಕೊನೆಯ ದಿನ ಕೌಂಟರಿಗೆ ಬರುತ್ತಾರೆ" ಅನ್ನುವ ಮಾತು ಕ್ರೂ ಮೆಸ್ಸಿನಲ್ಲಿ ಓಡಾಡುತ್ತದಂತೆ. ಬೇರೆ ದೇಶದವರೂ ಬರುತ್ತಾರೆ, ಅಣ್ಣನೇ ಹೇಳಿದ್ದಾನೆ. ಆದರೆ ಅದೇ ಮೆಸ್ಸಿನಲ್ಲಿ ಕೂತು ಆ ಮಾತು ಕೇಳಿಸಿಕೊಳ್ಳುವುದು ಕಷ್ಟ ಅಂದ.

ದುಡ್ಡೂ ಅಲ್ಲದ, ಉಡುಗೊರೆಯೂ ಅಲ್ಲದ ದಾರಿ ಏನಾದರೂ ಇದೆಯಾ?

ಇದೆ. ಬಹಳ ಜನ ಬಿಟ್ಟುಬಿಡುತ್ತಾರೆ. ಇಳಿದ ಮೇಲೆ ಇಮೇಲಿನಲ್ಲಿ ಒಂದು ಸರ್ವೆ ಬರುತ್ತದೆ. ಅದರಲ್ಲಿ ಹೆಸರು ಬರೆಯಿರಿ. "ಸ್ಟಾಫ್ ಚೆನ್ನಾಗಿದ್ದರು" ಅಂದರೆ ಯಾರಿಗೂ ಉಪಯೋಗವಿಲ್ಲ. ಹೆಸರು, ಕೆಲಸ, ಏನು ಮಾಡಿದರು ಅನ್ನುವುದು ಬೇಕು. ಹಡಗಿನಲ್ಲಿ ಇರುವಾಗಲೇ ಕಮೆಂಟ್ ಕಾರ್ಡ್ ಕೇಳಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಕಾಂಟ್ರಾಕ್ಟ್, ಪ್ರಮೋಷನ್ ಮಾತು ಬಂದಾಗ ಮೇಲಿನವರು ಇಂಥ ಹೆಸರುಗಳನ್ನೇ ನೋಡುತ್ತಾರೆ. ಅಣ್ಣ ಅಸಿಸ್ಟೆಂಟ್‌ನಿಂದ ಸ್ಟೀವರ್ಡ್ ಆದದ್ದು ಒಂದೇ ತಿಂಗಳಲ್ಲಿ ಬಂದ ಆರು ಕಾರ್ಡಿನಿಂದ ಅಂತ ಇವತ್ತಿಗೂ ಎಣಿಸಿ ಹೇಳುತ್ತಾನೆ.

ಹಾಗಂತ ಕಾರ್ಡ್ ಬರೆದೆ, ಟಿಪ್ಸ್ ಯಾಕೆ ಅನ್ನಬೇಡಿ.

ಸ್ಟೀವರ್ಡ್ ನಮ್ಮ ಊರಿನವನೇ ಸಿಕ್ಕರೆ?

ಸಿಗುತ್ತಾರೆ. ಗೋವಾ, ಕಾರವಾರ, ಮಂಗಳೂರು, ಉಡುಪಿ ಕಡೆಯ ಹುಡುಗರು ಈ ಹಡಗುಗಳಲ್ಲಿ ಸುಮಾರು ಜನ ಇದ್ದಾರೆ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ದೇಶ ಬರೆದಿರುತ್ತದೆ. "ಇಂಡಿಯಾ" ಕಂಡರೆ "ಊರು ಯಾವುದು?" ಅಂತ ಕನ್ನಡದಲ್ಲೋ ತುಳುವಿನಲ್ಲೋ ಒಂದು ಸಲ ಕೇಳಿ ನೋಡಿ.

ಆದರೆ ಊರಿನವನು ಅಂತ ಸಲುಗೆ ಜಾಸ್ತಿ ಬೇಡ. "ನಮ್ಮ ಹುಡುಗ ಅಲ್ವಾ, ಒಂದು ಎಕ್ಸ್‌ಟ್ರಾ ತಂದುಕೊಡಪ್ಪ" ಅಂತ ಶುರುವಾದರೆ ಅವನಿಗೆ ಇಲ್ಲ ಅನ್ನಲೂ ಆಗದು. ನಮ್ಮವನು ಅಂತ ಟಿಪ್ಸ್ ಬದಲು ಬರೀ ಮಾತಿನಲ್ಲಿ ಮುಗಿಸುವುದಂತೂ ಬೇಡವೇ ಬೇಡ. ಅಣ್ಣನಿಗೆ ಹಾಗೆ ಮಾಡಿದವರು ಹಲವರಂತೆ. ಪುತ್ತೂರಿನ ಒಂದು ಕುಟುಂಬ ಏಳು ದಿನ ಅವನ ಕುಲ ಗೋತ್ರವೆಲ್ಲಾ ವಿಚಾರಿಸಿ, ಕೊನೆಗೆ "ಊರಿಗೆ ಬಂದಾಗ ಮನೆಗೆ ಬಾ" ಅಂತ ವಿಳಾಸ ಕೊಟ್ಟು ಇಳಿದರು.

ಹೋದೆಯಾ ಅಂತ ಕೇಳಿದೆ. ಹೋಗಿದ್ದನಂತೆ. ಊಟ ಹಾಕಿ, ಹೊರಡುವಾಗ ಕವರು ಕೊಟ್ಟರಂತೆ, ಮೇಲೆ ಒಂದು ರೂಪಾಯಿ ಅಂಟಿಸಿದ್ದು.